ಬ್ಲ್ಯಾಕ್ ಮೇಸಾದಲ್ಲಿ ಕುರಿ ಕಾಯ್ದ ಚಳಿಗಾಲ

2012ರ ನವೆಂಬರ್‌ನಲ್ಲಿ, ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಓದುತ್ತಿದ್ದಾಗ, ನಾನು ಮೊದಲ ಬಾರಿ ಬ್ಲ್ಯಾಕ್ ಮೇಸಾ ಪ್ರಸ್ಥಭೂಮಿಗೆ ಹೋದೆ. ಸರ್ಕಾರದ ಸ್ಥಳಾಂತರಕ್ಕೆ ಒಪ್ಪದೆ ಅಲ್ಲಿಯೇ ಉಳಿದಿದ್ದ, ನವಾಹೊ ಎಂಬ ಮೂಲನಿವಾಸಿ ಬುಡಕಟ್ಟಿನ ಕುಟುಂಬಗಳು ಚಳಿಗಾಲದ ಕೆಲಸಕ್ಕೆ ಸ್ವಯಂಸೇವಕರನ್ನು ಕರೆದಿದ್ದವು. ಕನಿಷ್ಠ ಒಂದು ತಿಂಗಳು ಇರಬೇಕು, ದಿನಸಿ ತಾವೇ ತರಬೇಕು, ಕೇಳದೆ ಫೋಟೊ ತೆಗೆಯಬಾರದು ಎಂಬ ಕರಾರುಗಳಿದ್ದವು. ಲಿಂಗನಮಕ್ಕಿಯ ಹಿನ್ನೀರಿಗೆ ತೋಟ, ಮನೆ ಬಿಟ್ಟು ಎದ್ದುಬಂದ ಮುಳುಗಡೆ ಕುಟುಂಬದವನಾದ ನನಗೆ ಆ ಕರೆಯನ್ನು ಓದಿ ಸುಮ್ಮನಿರಲು ಸಾಧ್ಯವಾಗಲಿಲ್ಲ.

1882ರಲ್ಲಿ ಅಮೆರಿಕದ ಅಧ್ಯಕ್ಷರ ಆದೇಶವೊಂದು ಈ ನೆಲವನ್ನು ಹೋಪಿ ಎಂಬ ಇನ್ನೊಂದು ಬುಡಕಟ್ಟಿಗೂ, ಸರ್ಕಾರ ಅಲ್ಲಿ ನೆಲೆಗೊಳಿಸಬಹುದಾದ ಇತರ ಮೂಲನಿವಾಸಿಗಳಿಗೂ ಮೀಸಲಿಟ್ಟಿತು. 1962ರಲ್ಲಿ ನ್ಯಾಯಾಲಯ ಅದರ ಬಹುಭಾಗದಲ್ಲಿ ಹೋಪಿ ಮತ್ತು ನವಾಹೊ ಇಬ್ಬರಿಗೂ ಸಮಾನ ಹಕ್ಕಿದೆ ಎಂದಿತು. 1974ರ ಕಾನೂನು ಆ ಜಂಟಿ ನೆಲವನ್ನು ಇಬ್ಭಾಗ ಮಾಡಿತು. ಬೇಲಿಯ ತಪ್ಪು ಬದಿಯಲ್ಲಿ ಸಿಕ್ಕಿಕೊಂಡ 10 ಸಾವಿರಕ್ಕೂ ಹೆಚ್ಚು ನವಾಹೊಗಳು ಮತ್ತು ಸುಮಾರು 100 ಹೋಪಿಗಳು ಊರು ಬಿಡಬೇಕಾಯಿತು. ನವಾಹೊ ವಸತಿಗಳು ತಮ್ಮ ಹಳ್ಳಿಗಳನ್ನು ಸುತ್ತುವರಿದಿವೆ ಎಂಬ ಹೋಪಿಗಳ ದೂರು ಸುಳ್ಳಲ್ಲ. ಆದರೂ ಇದನ್ನು ಬರೀ ಎರಡು ಬುಡಕಟ್ಟುಗಳ ಜಗಳ ಎನ್ನುವವರು ನೆಲದಡಿಯ ಕಲ್ಲಿದ್ದಲನ್ನೂ, 1964 ಮತ್ತು 1966ರ ಗಣಿ ಗುತ್ತಿಗೆಗಳನ್ನೂ ಮರೆಯುತ್ತಾರೆ. ಕಾನೂನನ್ನು ವಿರೋಧಿಸಿದ ಸಂಪ್ರದಾಯನಿಷ್ಠ ಹಿರಿಯರು ಹೋಪಿಗಳಲ್ಲಿಯೂ ಇದ್ದರು.

ನನ್ನನ್ನು ಕಳಿಸಿದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಹೋಪಿಗಳ ಪಾಲಾದ ನೆಲದಲ್ಲಿ ನವಾಹೊಗಳು ಬಾಡಿಗೆದಾರರಾಗಿ ಉಳಿಯಲು 1996ರ ಕಾನೂನಿನಡಿ ಬಂದ 75 ವರ್ಷಗಳ ಗುತ್ತಿಗೆ ಒಪ್ಪಂದಕ್ಕೆ ಅವರು ಸಹಿ ಹಾಕಿರಲಿಲ್ಲ. ತನ್ನ ಹೊಕ್ಕುಳಬಳ್ಳಿ ಹೂತ ನೆಲವನ್ನು ತಾನೇ ಬಾಡಿಗೆಗೆ ಹಿಡಿಯುವುದು ಹೇಗೆ ಎಂದು ಅವರು ಕೇಳಿದ್ದನ್ನು ಮೊಮ್ಮಗಳು ನನಗೆ ಇಂಗ್ಲಿಷಿನಲ್ಲಿ ತಿಳಿಸಿದಳು. ಭಾಷಣ, ಕರಪತ್ರಗಳ ಸಿದ್ಧತೆಯಲ್ಲಿ ಹೋಗಿದ್ದ ನನ್ನ ಕೈಗೆ ಅಜ್ಜಿ ಕೊಟ್ಟದ್ದು ಒಂದು ಕೋಲು.

ಮಲೆನಾಡಿನವನಾದ ನನಗೆ ಕೊಟ್ಟಿಗೆ ಗೊತ್ತಿತ್ತು, ಕುರಿ ಗೊತ್ತಿರಲಿಲ್ಲ. ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆದರೆ ಆಡುಗಳು ಮುಂದೆ ನುಗ್ಗುತ್ತವೆ, ಕುರಿಗಳು ಅವುಗಳ ಬೆನ್ನು ಹಿಡಿಯುತ್ತವೆ. ಜೂನಿಪರ್ ಪೊದೆಗಳ ನಡುವೆ ಮಂದೆ ಎರಡಾಗಿ ಒಡೆದರೆ ಒಬ್ಬನೇ ನಿಂತು ಎರಡನ್ನೂ ನೋಡಲಾಗುವುದಿಲ್ಲ. ಒಂಬತ್ತನೆಯ ದಿನ ಗಾಳಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕುಳಿತೆ. ಸಂಜೆ ಎಣಿಸಿದಾಗ ನಾಲ್ಕು ಕುರಿ ಕಡಿಮೆ. ನನಗೆ ತೋಳದಂಥ ಕಯೋಟಿಗಳ ಭಯ, ಅಜ್ಜಿಗೆ ಬೇಲಿಯ ಭಯ. ಅನುಮತಿಯಿಲ್ಲದ ಕುರಿಗಳನ್ನು ಅಧಿಕಾರಿಗಳು ಹಿಡಿದು ದೊಡ್ಡಿಗೆ ಹಾಕಿದರೆ ದಂಡ ತೆತ್ತು ಬಿಡಿಸಿಕೊಳ್ಳಬೇಕು, ಆ ಹಣ ಮನೆಯಲ್ಲಿರಲಿಲ್ಲ. ಅಜ್ಜಿ ಬೈಯಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಬಗ್ಗಿ ಮರಳಿನ ಮೇಲಿನ ಗೊರಸಿನ ಗುರುತುಗಳನ್ನು ತೋರಿಸಿದರು: ಅಂಚು ಇನ್ನೂ ಚೂಪಾಗಿದ್ದರೆ ಅದು ಇಂದಿನ ಹೆಜ್ಜೆ, ಗಾಳಿಗೆ ಉದುರಿದ್ದರೆ ನಿನ್ನೆಯದು. ಒಂದು ಗಂಟೆ ನಡೆದ ಮೇಲೆ ನಾಲ್ಕೂ ಒಣ ಹಳ್ಳದಲ್ಲಿ ಸಿಕ್ಕವು. ಮರುದಿನದಿಂದ ನಾನು ಮಂದೆ ಬಿಟ್ಟು ಕೂರಲಿಲ್ಲ, ಅಡ್ಡಾಡುತ್ತಲೇ ಕಾಯ್ದೆ.

ಉಳಿದ ಹೊತ್ತು ಸೌದೆ ಒಡೆಯುವುದು, ನೀರು ತರುವುದು. ಮನೆಯ ಹತ್ತಿರದ ಒರತೆ ಬತ್ತಿತ್ತು. ಗಣಿಯವರು ಕಲ್ಲಿದ್ದಲನ್ನು ಪುಡಿಮಾಡಿ, ನೀರು ಬೆರೆಸಿ, 273 ಮೈಲಿ ದೂರದ ವಿದ್ಯುತ್ ಸ್ಥಾವರಕ್ಕೆ ಕೊಳವೆಯಲ್ಲಿ ತಳ್ಳಲು 2005ರ ಕೊನೆಯವರೆಗೂ ವರ್ಷಕ್ಕೆ 100 ಕೋಟಿ ಗ್ಯಾಲನ್‌ಗೂ ಹೆಚ್ಚು ಅಂತರ್ಜಲ ಎತ್ತಿದ್ದರು. ನಮಗೆ ಪಿಕಪ್ ಗಾಡಿಯಲ್ಲಿ ಡ್ರಮ್ ಹೇರಿಕೊಂಡು ಹೋಗಿಬರಲು ಅರ್ಧ ದಿನ ಹಿಡಿಯುತ್ತಿತ್ತು. ಒಂದು ದಿನ, ಸ್ಥಳಾಂತರಗೊಂಡಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲವೇನೋ ಎಂದು ನಾನು ಯೋಚನೆಯಿಲ್ಲದೆ ಹೇಳಿಬಿಟ್ಟೆ. ಮೊಮ್ಮಗಳು ಪ್ಯೂರ್ಕೊ ನದಿಯ ಹೆಸರೆತ್ತಿದಳು. ಎಷ್ಟೋ ಕುಟುಂಬಗಳಿಗೆ ಸ್ಯಾಂಡರ್ಸ್ ಬಳಿ ಕೊಟ್ಟ ಹೊಸ ನೆಲ ಆ ನದಿಯ ಬದಿಯದು. 1979ರಲ್ಲಿ ಚರ್ಚ್ ರಾಕ್‌ನ ಯುರೇನಿಯಂ ತ್ಯಾಜ್ಯದ ಒಡ್ಡು ಒಡೆದು ವಿಷ ಹರಿದದ್ದು ಅದೇ ನದಿಗೆ. ನನಗೆ ಮಾತು ಬರಲಿಲ್ಲ.

ರಾತ್ರಿ ಸೀಮೆಎಣ್ಣೆ ದೀಪದಡಿ ಮಂದೆಯ ಲೆಕ್ಕ, ಗಸ್ತಿನ ಗಾಡಿ ಬಂದ ದಿನ, ಹೊತ್ತು, ಅವರು ಹೇಳಿದ ಮಾತು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಕುರಿ ಹಿಡಿದಾಗ ವಕೀಲರು ಮೊದಲು ಕೇಳುವುದು ಅದನ್ನೇ.

ಆಮೇಲೆ ಐದು ಚಳಿಗಾಲ ಹೋದೆ. 2019ರಲ್ಲಿ ಅಲ್ಲಿನ ಕಯೆಂಟಾ ಕಲ್ಲಿದ್ದಲು ಗಣಿ ಮುಚ್ಚಿದ ಸುದ್ದಿಯನ್ನು ಹೊತ್ತು ಹೋದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಒರತೆಯಲ್ಲಿ ಮತ್ತೆ ನೀರು ಬರುತ್ತದೆಯೇ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೊಮ್ಮಗಳು ಗಾಡಿ ತೆಗೆದಳು, ನಾನು ಖಾಲಿ ಡ್ರಮ್‌ಗಳನ್ನು ಹೇರಿದೆ.