ಕಿವಿ ವಾರದಿಂದ ವಾರಕ್ಕೆ ಮಂದವಾಗುತ್ತಿದ್ದರೆ ಹೀಗೆ ಮಾಡಿ

ನನಗೆ ಮೊದಲು ಗೊತ್ತಾಗಿದ್ದು ಕುಕ್ಕರಿನಿಂದ. ಮೂರು ವಿಷಲ್ ಆಗಿತ್ತು, ನನಗೆ ಕೇಳಿಸಿದ್ದು ಒಂದೇ. ಬಲಗಿವಿಗೆ ಫೋನ್ ಇಟ್ಟರೆ ಮಾತು ಕೊಡದೊಳಗಿಂದ ಬಂದ ಹಾಗೆ. ಸದ್ದು ಕೇಳುತ್ತಿತ್ತು, ಪದ ತಿಳಿಯುತ್ತಿರಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಗುಗ್ಗೆ ಅಂತ ಹನಿ ಕೊಟ್ಟರು. ಹನ್ನೆರಡು ದಿನ ಸುಮ್ನೆ ಹೋಯಿತು. ಅಷ್ಟರಲ್ಲಿ ಎಡಗಿವಿಯೂ ಮಂದ.

ನಮ್ಮ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಒಳಗಿವಿಗೆ ಪೆಟ್ಟು ಕೊಡುವ ಕಾಯಿಲೆ ಇದು, ಹೆಸರು ಆಟೋಇಮ್ಯೂನ್ ಇನ್ನರ್ ಇಯರ್ ಡಿಸೀಸ್. ಅಮೆರಿಕದ ವೈದ್ಯ ಬ್ರಯಾನ್ ಮೆಕ್‌ಕೇಬ್ 1979ರಲ್ಲಿ ಇದನ್ನು ವಿವರಿಸಿದರು. ಅಪರೂಪದ್ದು ನಿಜ. ಆದರೆ ಔಷಧಿಗೆ ಬಗ್ಗುವ ಕಿವುಡು, ಬೇಗ ಹಿಡಿದರೆ.

ಬಾಯಿ ಮುಚ್ಚಿ ‘ಹೂಂ’ ಅಂತ ಗುನುಗಿ ನೋಡಿ. ಗುಗ್ಗೆ ಕಟ್ಟಿದ್ದರೆ ಆ ಸದ್ದು ಕಟ್ಟಿದ ಕಿವಿಯಲ್ಲೇ ಜೋರು. ಒಳಗಿವಿ ಸೋತಿದ್ದರೆ ಚೆನ್ನಾಗಿರುವ ಕಿವಿಯಲ್ಲಿ ಜೋರು. ಇದು ಬರೀ ಸುಳಿವು. ಗುನುಗಿನಲ್ಲಿ ಏನೇ ಕಂಡರೂ ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಆಡಿಯೋಗ್ರಾಂ ಮಾಡಿಸಿ, ಅಂದರೆ ಕಿವಿಗೆ ಎಷ್ಟು ಕೇಳುತ್ತದೆ ಅಂತ ಗೆರೆ ಎಳೆದು ತೋರಿಸುವ ಪರೀಕ್ಷೆ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಮುಂದಿನ ವಾರ ಇನ್ನೊಂದು ಮಾಡಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಗೆರೆ ಇಳಿದದ್ದು ಕಾಣುವುದು. ಈ ಕಾಯಿಲೆ ಇದೆ ಅಂತ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ, ಹಾಗಾಗಿ ಆ ಗೆರೆಯೇ ದೊಡ್ಡ ಸಾಕ್ಷಿ. ನರದಲ್ಲಿ ಗಡ್ಡೆ ಇಲ್ಲ ಅಂತ ನೋಡಲು ಎಂಆರ್‌ಐ ಬರೆದರೆ ಹೆದರಬೇಡಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಕೀಲುನೋವಿದ್ದರೆ, ಅವರು ಕೇಳದಿದ್ದರೂ ಹೇಳಿ.

ಮೊದಲ ಔಷಧಿ ಸ್ಟೀರಾಯ್ಡ್. ನನಗೆ ದಿನಕ್ಕೆ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್, ನಾಲ್ಕು ವಾರ. ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆದುಕೊಳ್ಳುತ್ತಿದ್ದೆ, ತಡವಾದರೆ ರಾತ್ರಿ ನಿದ್ದೆ ಇಲ್ಲ. ಶುಗರ್, ಬಿಪಿ ನೋಡಿಸುತ್ತಿರಿ. ಕೇಳಿಸತೊಡಗಿತು ಅಂತ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲೇಬೇಡಿ. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಇಳಿಸುವಾಗಲೇ ಕಿವಿ ಮತ್ತೆ ಕೈಕೊಡುವುದು ಜಾಸ್ತಿ. ಅದಕ್ಕೆ ಒಂದು ನೋಟ್‌ಬುಕ್ ಇಡಿ. ನಾನು ದಿನಾ ಬೆಳಿಗ್ಗೆ ರೇಡಿಯೋ ವಾರ್ತೆ ಹಾಕುತ್ತೇನೆ. ಅದೇ ಫೋನ್, ಅದೇ ಇಯರ್‌ಫೋನ್, ಅದೇ ವಾಲ್ಯೂಮ್. ಒಂದೊಂದೇ ಕಿವಿಗೆ ಕೇಳಿಸಿಕೊಂಡು ಎಷ್ಟು ಅರ್ಥವಾಯಿತು ಅಂತ ಹತ್ತಕ್ಕೆ ಅಂಕ ಬರೆಯುತ್ತೇನೆ. ಒಂದೇ ರೆಕಾರ್ಡಿಂಗ್ ಬೇಡ, ಬಾಯಿಪಾಠ ಆಗಿಬಿಡುತ್ತದೆ. ಮಾತ್ರೆ 20 ಮಿಲಿಗ್ರಾಂಗೆ ಇಳಿದಾಗ ಬಲಗಿವಿ ಮೂರೇ ದಿನದಲ್ಲಿ ಎಂಟರಿಂದ ಐದಕ್ಕೆ ಇಳಿಯಿತು. ಆ ಪುಟ ತೋರಿಸಿದೆ. ಡಾಕ್ಟರ್ ಅವತ್ತೇ ಡೋಸ್ ಏರಿಸಿದರು.

ಇನ್ನು ಆಯ ತಪ್ಪುವುದು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಓಲಾಡುತ್ತೇನೆ. ಮೈಯ ಸಮತೋಲನ ಕಾಯುವುದೂ ಒಳಗಿವಿಯೇ, ಅದು ಸೋತಾಗ ಕಣ್ಣೇ ಆಸರೆ, ಅಲ್ವಾ? ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಒಂದು ಜೀರೋ ಬಲ್ಬ್ ಉರಿಯಲಿ.