ಎಡಿನ್‌ಬರಾದ ಮಕ್ಕಳ ಆಸ್ಪತ್ರೆ: ಪಾರ್ಕಿಂಗ್ ಫ್ರೀ, ಆದರೆ ಜಾಗ ಸಿಗಬೇಕಲ್ಲ

ಇಂಗ್ಲೆಂಡಿನಿಂದ ಕೆಲಸ ಬದಲಿಸಿಕೊಂಡು ಎಡಿನ್‌ಬರಾಕ್ಕೆ ಬಂದ ನಮ್ಮವರು ಆಸ್ಪತ್ರೆಗೆ ಹೋದರೆ ಮೊದಲು ಪಾರ್ಕಿಂಗ್ ಮಷೀನ್ ಹುಡುಕುತ್ತಾರೆ. ಹುಡುಕಬೇಡಿ, ದುಡ್ಡು ಕಟ್ಟಬೇಕಾಗಿಲ್ಲ. ಸ್ಕಾಟ್ಲೆಂಡಿನ ಹೆಚ್ಚಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳಲ್ಲಿ 2008ರ ಕೊನೆಗೇ ಪಾರ್ಕಿಂಗ್ ಶುಲ್ಕ ತೆಗೆದರು. ಖಾಸಗಿ ಕಂಪನಿಗಳ ಜೊತೆ ಹಳೇ ಕರಾರು ಇದ್ದ ಮೂರು ಕಡೆ ಮಾತ್ರ ಉಳಿದಿತ್ತು, ಅದರಲ್ಲಿ ಎಡಿನ್‌ಬರಾದ ಲಿಟಲ್ ಫ್ರಾನ್ಸ್ ಅನ್ನುವ ಜಾಗದಲ್ಲಿರುವ ದೊಡ್ಡವರ ಆಸ್ಪತ್ರೆ ರಾಯಲ್ ಇನ್‌ಫರ್ಮರಿಯೂ ಒಂದು. ಕೋವಿಡ್ ಸಮಯದಲ್ಲಿ ಅಲ್ಲೂ ವಸೂಲಿ ನಿಲ್ಲಿಸಿ, 2021ರಲ್ಲಿ ಪೂರ್ತಿ ರದ್ದು ಮಾಡಿದರು. ಇಂಗ್ಲೆಂಡಿನಲ್ಲಿ ಈಗಲೂ ಎಲ್ಲರಿಗೂ ಫ್ರೀ ಇಲ್ಲ; ಮಗುವಿನ ಜೊತೆ ರಾತ್ರಿ ಉಳಿಯುವ ಅಪ್ಪ ಅಮ್ಮನಿಗೆ ರಾತ್ರಿ ಹೊತ್ತು, ಮತ್ತೆ ಬ್ಲೂ ಬ್ಯಾಡ್ಜ್ (ಅಂಗವಿಕಲರ ಪಾರ್ಕಿಂಗ್ ಪರವಾನಗಿ) ಇದ್ದವರು, ಪದೇ ಪದೇ ಬರಬೇಕಾದ ರೋಗಿಗಳು, ಇಂಥ ಕೆಲವರಿಗಷ್ಟೇ.

ಹೊಸ ಮಕ್ಕಳ ಆಸ್ಪತ್ರೆ ಇರುವುದು ಇದೇ ಲಿಟಲ್ ಫ್ರಾನ್ಸ್ ಆವರಣದಲ್ಲಿ, ಇನ್‌ಫರ್ಮರಿಗೆ ಅಂಟಿಕೊಂಡೇ. 2019ರ ಜುಲೈನಲ್ಲಿ ತೆರೆಯಬೇಕಿತ್ತು. ತುರ್ತು ನಿಗಾ ವಿಭಾಗದ ಗಾಳಿ ವ್ಯವಸ್ಥೆ ಸರಿಯಿಲ್ಲ ಅಂತ ಇನ್ನೇನು ಸ್ಥಳಾಂತರಕ್ಕೆ ಕೆಲವೇ ದಿನ ಇರುವಾಗ ತಡೆದರು, ಕೊನೆಗೆ ಪೂರ್ತಿ ತೆರೆದದ್ದು 2021ರ ಮಾರ್ಚ್‌ನಲ್ಲಿ. ಜನ ಈಗಲೂ ಕರೆಯುವುದು ಸಿಕ್ ಕಿಡ್ಸ್ ಅಂತಲೇ. ಹಳೇ ಸಿಕ್ ಕಿಡ್ಸ್ ಊರೊಳಗೆ ಸಿಯೆನ್ಸ್‌ನಲ್ಲಿತ್ತು, ಹಾಗಾಗಿ ಯಾರೋ ಹೇಳಿದ ಹಳೇ ವಿಳಾಸ ನಂಬಿಕೊಂಡು ಹೊರಡಬೇಡಿ.

ಈಗ ತೊಂದರೆ ವಿಷಯ. ಫ್ರೀ ಅಂದಮೇಲೆ ತುಂಬುತ್ತದೆ. ದೊಡ್ಡವರ ಆಸ್ಪತ್ರೆ, ಮಕ್ಕಳ ಆಸ್ಪತ್ರೆ, ಮೆಡಿಕಲ್ ಕಾಲೇಜು ಎಲ್ಲ ಒಂದೇ ಕಡೆ, ಸಾವಿರಾರು ಜನ ಸಿಬ್ಬಂದಿ. ವಾರದ ದಿನ ಬೆಳಗಿನ ಅಪಾಯಿಂಟ್‌ಮೆಂಟ್ ಇದ್ದರೆ ಸಾಕಷ್ಟು ಮುಂಚೆ ಹೊರಡಿ. ಇಬ್ಬರು ದೊಡ್ಡವರಿದ್ದರೆ ಇನ್ನೂ ಒಳ್ಳೇದು: ಒಬ್ಬರು ಮಗುವನ್ನು ಕರೆದುಕೊಂಡು ಬಾಗಿಲ ಹತ್ತಿರ ಇಳಿದು ಒಳಗೆ ಹೋಗಲಿ, ಇನ್ನೊಬ್ಬರು ಸಮಾಧಾನವಾಗಿ ಜಾಗ ಹುಡುಕಲಿ. ಇಳಿಸುವ ಜಾಗದಲ್ಲೇ 'ಎರಡೇ ನಿಮಿಷ' ಅಂತ ಕಾರು ಬಿಟ್ಟು ಹೋಗುವ ನಮ್ಮ ಬೆಂಗಳೂರು ಅಭ್ಯಾಸ ಇಲ್ಲಿ ಬೇಡ, ಆ ದಾರಿಯಲ್ಲಿ ಆಂಬ್ಯುಲೆನ್ಸ್ ಓಡಾಡುತ್ತಿರುತ್ತದೆ.

ಅಕ್ಕಪಕ್ಕದ ಮನೆಗಳ ಬೀದಿಯಲ್ಲಿ ನಿಲ್ಲಿಸೋಣ ಅಂತ ಅನಿಸಬಹುದು. ಎಡಿನ್‌ಬರಾದಲ್ಲಿ 2024ರ ಜನವರಿಯಿಂದ ಫುಟ್‌ಪಾತ್ ಮೇಲೆ ನಿಲ್ಲಿಸಿದರೆ 100 ಪೌಂಡ್ ದಂಡ, 14 ದಿನದೊಳಗೆ ಕಟ್ಟಿದರೆ ಅರ್ಧ. ಎರಡು ಚಕ್ರ ಮೇಲೆ, ಎರಡು ಕೆಳಗೆ ಅಂದರೂ ಬಿಡಲ್ಲ. ಊರ ಮಧ್ಯದ ಲೋ ಎಮಿಷನ್ ಜೋನ್ (ಜಾಸ್ತಿ ಹೊಗೆ ಬಿಡುವ ಹಳೇ ಗಾಡಿಗಳನ್ನು ಬಿಡದ ಪ್ರದೇಶ) ಬಗ್ಗೆ ಹೆದರುವವರಿಗೆ ಒಂದು ಮಾತು, ಲಿಟಲ್ ಫ್ರಾನ್ಸ್ ಅದರ ಹೊರಗಿದೆ. ಹಳೇ ಡೀಸೆಲ್ ಕಾರಿದ್ದರೂ ಬೈಪಾಸ್ ಕಡೆಯಿಂದ ಬಂದರೆ ಚಿಂತೆಯಿಲ್ಲ.

ನನ್ನನ್ನು ಕೇಳಿದರೆ, ಮಗು ನಡೆಯುವ ಸ್ಥಿತಿಯಲ್ಲಿದ್ದು ಮಾಮೂಲಿ ತಪಾಸಣೆಗೆ ಹೋಗುವುದಾದರೆ ಬಸ್ಸೇ ವಾಸಿ. ಸ್ಕಾಟ್ಲೆಂಡಿನಲ್ಲಿ ವಾಸಿಸುವ 22 ವರ್ಷದೊಳಗಿನವರಿಗೆ 2022ರ ಜನವರಿ ಕೊನೆಯಿಂದ ಬಸ್ ಉಚಿತ, ಆದರೆ 5 ವರ್ಷ ದಾಟಿದವರಿಗೆ ಅದರ ಕಾರ್ಡ್ ಬೇಕು. ಎಷ್ಟೋ ಕನ್ನಡದ ಮನೆಗಳಲ್ಲಿ ಈ ಕಾರ್ಡ್ ಮಾಡಿಸಿಯೇ ಇರಲ್ಲ, ವೀಸಾದಲ್ಲಿರುವವರಿಗೆ ಸಿಗಲ್ಲ ಅಂದುಕೊಂಡು ಸುಮ್ನೆ ದುಡ್ಡು ಕೊಡುತ್ತಿರುತ್ತಾರೆ. ಮಗುವನ್ನು ತಳ್ಳುಗಾಡಿಯಲ್ಲಿ ಕರೆದುಕೊಂಡು ಹೋಗುವುದಾದರೆ ನೆನಪಿಡಿ, ಬಸ್ಸಿಗೆ ವೀಲ್‌ಚೇರ್‌ನವರು ಬಂದರೆ ಗಾಡಿ ನಿಲ್ಲಿಸುವ ಜಾಗ ಅವರಿಗೆ, ನೀವು ಗಾಡಿ ಮಡಚಬೇಕು.

ಟ್ಯಾಕ್ಸಿ ಬಗ್ಗೆ ಜಾಸ್ತಿ ಗೊಂದಲವಿದೆ. ಸ್ವಂತ ಕಾರಿನಲ್ಲಿ ಮಗುವಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ ಆಗುವವರೆಗೆ ಚೈಲ್ಡ್ ಸೀಟ್ ಬೇಕೇ ಬೇಕು. ಟ್ಯಾಕ್ಸಿಯಲ್ಲಿ ಸೀಟ್ ಇಲ್ಲದಿದ್ದರೆ ಹಿಂದೆ ಕೂರಿಸಿಕೊಂಡು ಹೋಗಲು ಕಾನೂನು ಬಿಡುತ್ತದೆ. ಬಿಡುತ್ತದೆ ಅಷ್ಟೇ, ಮನೆಯ ಸೀಟ್ ಒಯ್ಯಲು ಆದರೆ ಒಯ್ಯಿರಿ.

ರಾತ್ರಿ ಮಗುವಿಗೆ ಜ್ವರ ಬಂದರೆ ನೇರ ಓಡಬೇಡಿ, ಮೊದಲು ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಎಲ್ಲಿಗೆ, ಯಾವಾಗ ಹೋಗಬೇಕು ಅಂತ ಅವರೇ ಹೇಳುತ್ತಾರೆ, ಮನೆಯಲ್ಲೇ ನೋಡಿಕೊಳ್ಳಬಹುದಾದರೆ ಅದನ್ನೂ ಹೇಳುತ್ತಾರೆ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿದ್ದು, ಇಂಥದ್ದಕ್ಕೆ ಆಂಬ್ಯುಲೆನ್ಸ್ ಕರೆಸಲು 999, ಆಗ ಪಾರ್ಕಿಂಗ್ ಯೋಚನೆ ಯಾಕೆ. ಈ ಆವರಣದಲ್ಲಿ ದೊಡ್ಡವರ ತುರ್ತು ವಿಭಾಗವೂ ಇದೆ, ಮಕ್ಕಳದ್ದೂ ಇದೆ, ಬೋರ್ಡ್ ನೋಡಿಕೊಂಡು ಮಕ್ಕಳ ಕಡೆಗೇ ತಿರುಗಿ.

ಹುಟ್ಟಿನಿಂದ ಆರೋಗ್ಯದ ತೊಂದರೆ ಇರುವ ಮಗುವಾದರೆ ಬ್ಲೂ ಬ್ಯಾಡ್ಜ್ ವಿಚಾರಿಸಿ. ಅದು ವಯಸ್ಸಾದವರಿಗೆ ಮಾತ್ರ ಅಲ್ಲ. ಮೂರು ವರ್ಷದೊಳಗಿನ ಮಗುವಿನ ಜೊತೆ ಯಾವಾಗಲೂ ದೊಡ್ಡ ವೈದ್ಯಕೀಯ ಉಪಕರಣ ಒಯ್ಯಬೇಕಾದರೆ, ಇಲ್ಲವೇ ಚಿಕಿತ್ಸೆಗಾಗಿ ಕಾರು ಸದಾ ಹತ್ತಿರದಲ್ಲೇ ಇರಬೇಕಾದರೆ ಅರ್ಜಿ ಹಾಕಬಹುದು, ನಿಮ್ಮ ಕೌನ್ಸಿಲ್‌ಗೆ.

ಮಗು ಅಡ್ಮಿಟ್ ಆದರೆ ಓಡಾಟದ ರಸೀದಿ, ಟಿಕೆಟ್ ಎಸೆಯಬೇಡಿ. ಆಸ್ಪತ್ರೆಯಲ್ಲಿರುವ ಮಕ್ಕಳ ಮನೆಯವರ ಖರ್ಚಿಗೆ ಅಂತ ಸ್ಕಾಟಿಷ್ ಸರ್ಕಾರ 2021ರಲ್ಲಿ ಯಂಗ್ ಪೇಷಂಟ್ಸ್ ಫ್ಯಾಮಿಲಿ ಫಂಡ್ ಶುರು ಮಾಡಿತು. ನಿಮಗೆ ಅನ್ವಯಿಸುತ್ತದಾ ಅಂತ ವಾರ್ಡಿನ ನರ್ಸ್ ಹತ್ತಿರ ಮೊದಲ ದಿನವೇ ಕೇಳಿ, ಇಲ್ಲಿ ಕೇಳುವುದಕ್ಕೆ ಯಾರೂ ಮುಖ ಸಿಂಡರಿಸಲ್ಲ. ಬರೀ ಮಾತಾಡಿ ಮುಗಿಯುವ ಫಾಲೋ ಅಪ್ ಆದರೆ ನಿಯರ್ ಮಿ ಅನ್ನುವ ಎನ್‌ಎಚ್‌ಎಸ್ ವೀಡಿಯೋ ಕರೆಯಲ್ಲಿ ಆಗುತ್ತದಾ ಅಂತಲೂ ಆಗಲೇ ಕೇಳಿಬಿಡಿ.