ಹೀಟರ್ ಇಲ್ಲದೆ ಮಳೆಗಾಲ ದಾಟಿದ ನನ್ನ ಗಿಡದ ಟ್ಯಾಂಕ್

ಈ ಸಲದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ನಮ್ಮ ಕಡೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ಎರಡು ಕಂಬ ಮಲಗಿದ್ದವು. ಇನ್ವರ್ಟರ್ ಎರಡನೇ ದಿನ ಬೆಳಿಗ್ಗೆಯೇ ಕೈಕೊಟ್ಟಿತು. ಐದನೇ ದಿನ ಸಂಜೆ ಕರೆಂಟ್ ಬಂದಾಗ ಮನೆಯವರೆಲ್ಲ ಫೋನ್ ಚಾರ್ಜಿಗೆ ಹಾಕಲು ಓಡಿದರು. ನಾನು ಟ್ಯಾಂಕಿನ ಲೈಟ್ ಹಾಕಿ ಮೀನು ಎಣಿಸಲು ಕುಳಿತೆ. ಜೀಬ್ರಾ ಡೇನಿಯೊ ಹನ್ನೊಂದು, ವೈಟ್ ಕ್ಲೌಡ್ ಹದಿನಾಲ್ಕು, ಪೆಪ್ಪರ್ ಕೋರಿ ಆರು. ಒಂದೂ ಕಡಿಮೆ ಇಲ್ಲ. ಸಿಗಡಿ ಎಣಿಸಲು ಆಗುವುದಿಲ್ಲ, ಆದರೆ ಜಾವಾ ಫರ್ನ್ ಬುಡದಲ್ಲಿ ಮರಿಗಳು ಓಡಾಡುತ್ತಿದ್ದವು.

ಅವತ್ತು ರಾತ್ರಿ ಮೈಸೂರಿನ ಬಾವನಿಗೆ ವಿಡಿಯೊ ಕಳಿಸಿದೆ. ಈ ವಿಷಯದಲ್ಲಿ ಅವರು ನನಗಿಂತ ಹಳಬರು. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಸಿಲಿಂಡರ್ ಇಟ್ಟು ಕೆಂಪು ರೊಟಾಲಾ ಬೆಳೆಸಿದವರು. ಮೂರು ವರ್ಷದ ಹಿಂದೆ ಅವರೇ ಹೇಳಿದ್ದರು, "ಬಾವ, ಹೀಟರ್ ಬೇಡ, ಗ್ಯಾಸ್ ಬೇಡ, ಗದ್ದೆ ಮಣ್ಣು ಸಾಕು ಅಂತೀರಿ. ಆರು ತಿಂಗಳಲ್ಲಿ ಅದು ಕೆಸರು ಗುಂಡಿ ಆಗುತ್ತೆ, ನೋಡಿ." ಈಗ ವಿಡಿಯೊ ನೋಡಿ ಅವರು ಕೇಳಿದ್ದು ಒಂದೇ ಮಾತು, "ಮಣ್ಣು ಎಲ್ಲಿಂದ ತಂದಿರಿ?" ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಮಳೆಗಾಲದಲ್ಲಿ ಹಾಲಿನಲ್ಲಿಟ್ಟ ನೀರು 19, 20 ಡಿಗ್ರಿ ಇರುತ್ತದೆ. ಡಿಸೆಂಬರ್ ಬೆಳಗಿನ ಹೊತ್ತು 17ಕ್ಕೂ ಇಳಿಯುತ್ತದೆ. ಇದು ಗೊತ್ತಿದ್ದೂ ಮೊದಲ ಟ್ಯಾಂಕಿಗೆ ನಾನು ಬೆಚ್ಚಗಿನ ನೀರಿನ ಮೀನುಗಳಾದ ಏಂಜಲ್, ನಿಯಾನ್, ಮೋಲಿ ತಂದೆ. ಅಂಗಡಿಯಲ್ಲಿ ಚಂದ ಕಂಡಿದ್ದೆಲ್ಲ ಬೇಕು ಅನ್ನಿಸುತ್ತದೆ, ಅಲ್ವಾ? ನಾಲ್ಕಡಿ ಟ್ಯಾಂಕ್, ಎರಡು ಹೀಟರ್, ಹೊರಗಿಡುವ ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್, ಪ್ಯಾಕೆಟ್ ಮಣ್ಣು. ಸ್ಟ್ಯಾಂಡ್ ಸೇರಿ 28 ಸಾವಿರ ದಾಟಿತ್ತು.

2018ರ ಆಗಸ್ಟ್ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಊರೂರೇ ಗುಡ್ಡ ಕುಸಿದು ಜನ ಮನೆ ಕಳೆದುಕೊಂಡ ಹೊತ್ತಿನಲ್ಲಿ ಮೀನಿನ ಬಗ್ಗೆ ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ. ನಮ್ಮಲ್ಲಿ ಕರೆಂಟ್ ಹೋಗಿ ವಾರ ಕಳೆದಿತ್ತು. 27 ಡಿಗ್ರಿ ಇದ್ದ ನೀರು ಒಂದೂವರೆ ದಿನದಲ್ಲಿ 20ಕ್ಕೆ ಬಂತು. ಆಮೇಲೆ ಬಿಳಿ ಚುಕ್ಕೆ ರೋಗ. ಏಂಜಲ್ ನಾಲ್ಕೂ ಹೋದವು. ನಿಯಾನ್ ಇಪ್ಪತ್ತರಲ್ಲಿ ಮೂರು ಉಳಿದವು.

2019ರ ಮಳೆಯಲ್ಲಿ ಬೇರೆ ಥರ ಪೆಟ್ಟು ಬಿತ್ತು. ಎರಡು ದಿನ ಕ್ಯಾನಿಸ್ಟರ್ ನಿಂತಿತ್ತು. ಕರೆಂಟ್ ಬಂದ ಕೂಡಲೇ ಅದು ತಾನೇ ಶುರುವಾಯಿತು. ಮುಚ್ಚಿದ ಡಬ್ಬಿಯೊಳಗೆ ಗಾಳಿಯಿಲ್ಲದೆ ಕೊಳೆತ ನೀರು ಪೂರ್ತಿ ಟ್ಯಾಂಕಿಗೆ ಬಂತು. ಕೊಳೆತ ಮೊಟ್ಟೆಯ ವಾಸನೆ. ಒಂದು ಗಂಟೆಯಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕ್ಯಾನಿಸ್ಟರ್ ಇಟ್ಟುಕೊಂಡವರು ಇದೊಂದನ್ನು ಮಾತ್ರ ಮರೆಯಬೇಡಿ. ಕರೆಂಟ್ ಹೋಗಿ ಐದಾರು ಗಂಟೆ ಆದರೆ ಪ್ಲಗ್ ಕಿತ್ತು ಹಾಕಿ. ಮತ್ತೆ ಹಾಕುವ ಮೊದಲು ಬಿಚ್ಚಿ ತೊಳೆಯಿರಿ. ಎರಡು ವರ್ಷದಲ್ಲಿ ಮೀನು, ಔಷಧಿ, ಸುಟ್ಟುಹೋದ ಒಂದು ಹೀಟರ್ ಎಲ್ಲ ಸೇರಿ ಇನ್ನೊಂದು ಏಳೆಂಟು ಸಾವಿರ ನೀರಿಗೆ ಹೋಯಿತು.

ಎರಡನೇ ವರ್ಷ ನಾನು ಒಂದು ಪುಸ್ತಕದಲ್ಲಿ ದಿನಾ ಬೆಳಿಗ್ಗೆ, ರಾತ್ರಿ ನೀರಿನ ಬಿಸಿ ಬರೆದಿಟ್ಟಿದ್ದೆ. ಅದನ್ನು ತಿರುವಿ ನೋಡಿದಾಗ ಒಂದು ವಿಷಯ ಕಂಡಿತು. ಮೀನು ಸತ್ತಿದ್ದು ನೀರು ತಣ್ಣಗಿದ್ದ ದಿನಗಳಲ್ಲಿ ಅಲ್ಲ, ಬಿಸಿ ಏರಿಳಿದ ದಿನಗಳಲ್ಲಿ. ಹೀಟರ್ ಇದ್ದಾಗ 27, ಕರೆಂಟ್ ಹೋದರೆ 20, ಬಂದರೆ ಮತ್ತೆ 27. ಜೂನ್ ತಿಂಗಳೊಂದರಲ್ಲೇ ಹೀಗೆ ಆರೇಳು ಸಲ. ನಮ್ಮೂರಿನ ಕರೆಂಟಿಗೆ ಹೀಟರ್ ಕಟ್ಟಿದರೆ ಮೀನಿಗೆ ಚಳಿಜ್ವರ ಬರುವುದೇ. ಅದರ ಬದಲು 19 ಡಿಗ್ರಿಯಲ್ಲೇ ಸುಖವಾಗಿರುವ ಮೀನು ತಂದರೆ ಹೀಟರೇ ಬೇಕಾಗಿಲ್ಲ.

ಹೊಸ ಟ್ಯಾಂಕ್ ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮಣ್ಣು ಕಲ್ಲು ಹೋಗಿ ನೀರು 130 ಲೀಟರ್ ಹತ್ತಿರ ಹಿಡಿಯುತ್ತದೆ. ಗಾಜು ನಾಲ್ಕೂವರೆ ಸಾವಿರ ಇರಬೇಕು. ಎರಡು ಸ್ಪಾಂಜ್ ಫಿಲ್ಟರ್, ಒಂದು ಏರ್ ಪಂಪ್, ಎಲ್‌ಇಡಿ ಟ್ಯೂಬ್ ಎರಡು. ಗಿಡ, ಮೀನು ಎಲ್ಲ ಸೇರಿ 11 ಸಾವಿರ ದಾಟಿಲ್ಲ.

ಮಣ್ಣಿನ ಕಥೆಗೆ ಬರುತ್ತೇನೆ. ಮೊದಲು ತಂದಿದ್ದು ತೋಟದ ಮಣ್ಣು, ಅದೂ ಮೆಣಸಿನ ಬಳ್ಳಿಯ ಬುಡದಿಂದ. ಕಪ್ಪಗೆ, ಪುಡಿಪುಡಿಯಾಗಿ ಬಹಳ ಚೆನ್ನಾಗಿತ್ತು. ಗಿಡಗಳೂ ಹಿಡಿದವು. ಒಂದೂವರೆ ತಿಂಗಳ ಮೇಲೆ ಅರುವತ್ತು ಚೆರ್ರಿ ಸಿಗಡಿ ಬಿಟ್ಟೆ, ಒಂದಕ್ಕೆ 25 ರೂಪಾಯಿಯ ಹಾಗೆ. ಎರಡು ದಿನದಲ್ಲಿ ಒಂದೂ ಇಲ್ಲ. ಗಿಡದ ಜೊತೆ ಬಂದಿದ್ದ ಬಸವನಹುಳುಗಳು ಗಾಜು ಹತ್ತಿ ನೀರಿನಿಂದ ಹೊರಗೆ ಅಂಟಿಕೊಂಡು ಕೂತಿದ್ದವು. ಮೀನುಗಳಿಗೆ ಏನೂ ಆಗಿರಲಿಲ್ಲ. ತಲೆ ಕೆಡಿಸಿಕೊಂಡು ವಾರ ಕಳೆದೆ. ಆಮೇಲೆ ಒಂದು ದಿನ ಶೆಡ್ಡಿನಲ್ಲಿ ಬೋರ್ಡೋ ಔಷಧಿ ಕಲಸುವ ನೀಲಿ ಡ್ರಮ್ ನೋಡಿದಾಗ ಹೊಳೆಯಿತು. ಮೈಲುತುತ್ತು! ಪ್ರತಿ ವರ್ಷ ಮಳೆಗೆ ಮೊದಲು ಬಳ್ಳಿಯ ಬುಡಕ್ಕೆ ಬೋರ್ಡೋ ಹೊಯ್ಯುತ್ತೇವೆ. ಅದರಲ್ಲಿನ ಮೈಲುತುತ್ತಿನ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ಸಿಗಡಿಗೂ ಬಸವನಹುಳುವಿಗೂ ತಾಮ್ರ ಸ್ವಲ್ಪ ಇದ್ದರೂ ವಿಷ.

ಕಾಫಿ ಬುಡದ ಮಣ್ಣೂ ಬೇಡ, ಅಲ್ಲೂ ಕೊಳೆರೋಗಕ್ಕೆ ಹೊಡೆದಿರುತ್ತೇವೆ. ದೇವರಕಾಡಿನಲ್ಲಿ ಒಳ್ಳೆಯ ಮಣ್ಣಿದೆ ಎಂದು ಒಬ್ಬರು ಹೇಳಿದರು. ಅಲ್ಲಿಂದ ಒಂದು ಒಣ ಎಲೆಯನ್ನೂ ನಾವು ತರುವುದಿಲ್ಲ. ಕೊನೆಗೆ ನಮ್ಮದೇ ಪಾಳುಬಿದ್ದ ಗದ್ದೆಯ ಮಣ್ಣು ಸಾಕಾಯಿತು. ಹತ್ತು ಹನ್ನೆರಡು ವರ್ಷದಿಂದ ಅಲ್ಲಿ ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಅಂಟು ಮಣ್ಣು, ಕಬ್ಬಿಣದ ಅಂಶ ಜಾಸ್ತಿ.

ಅದನ್ನು ಹಾಗೇ ಹಾಕಿದರೆ ಆಗುವುದಿಲ್ಲ. ಮಾರ್ಚ್‌ನಲ್ಲಿ ಕಾಫಿ ಒಣಗಿಸಿ ಕಣ ಖಾಲಿಯಾದ ಮೇಲೆ ಮಣ್ಣನ್ನು ಅಲ್ಲಿ ಹರಡಿದೆ. ಒಣಗಿಸುವುದು, ಬಕೆಟ್ಟಿನಲ್ಲಿ ನೆನೆಸುವುದು, ತೇಲಿದ ಕಸ ಚೆಲ್ಲುವುದು, ಮತ್ತೆ ಒಣಗಿಸುವುದು. ಹೀಗೆ ನಾಲ್ಕು ಸಲ, ಮೂರು ವಾರದ ಕೆಲಸ. ಆಮೇಲೆ ಸೊಳ್ಳೆ ಪರದೆಯಲ್ಲಿ ಜರಡಿ ಹಿಡಿದೆ. ಇದಕ್ಕೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದನ್ನು ಬಾವನಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಅದಿಲ್ಲದೆಯೂ ಟ್ಯಾಂಕ್ ನಡೆಯುತ್ತದೆ.

ಮಣ್ಣು ಒಂದು ಇಂಚು, ಮೇಲೆ ಮರಳು ಒಂದೂವರೆ ಇಂಚು. ಇದಕ್ಕಿಂತ ಜಾಸ್ತಿ ಬೇಡವೇ ಬೇಡ. ಬಕೆಟ್ ಟ್ಯಾಂಕಿನಲ್ಲಿ ಒಮ್ಮೆ ಮೂರು ಇಂಚು ಮಣ್ಣು ಹಾಕಿದ್ದೆ. ಎರಡು ತಿಂಗಳಲ್ಲಿ ತಳ ಕಪ್ಪಾಗಿ ಗುಳ್ಳೆ ಏಳತೊಡಗಿತು, ಗಿಡದ ಬೇರುಗಳೆಲ್ಲ ಕೊಳೆತವು. ಮೊದಲ ದಿನವೇ ಜಾಗ ಕಾಣದ ಹಾಗೆ ಗಿಡ ತುಂಬಿ. ಹೈಗ್ರೊಫಿಲಾ, ರೊಟಾಲಾ, ವ್ಯಾಲಿಸ್ನೇರಿಯಾ, ಮೇಲೆ ತೇಲಲು ಸಾಲ್ವೀನಿಯಾ. ಮೊದಲ ಮೂರು ವಾರ ಮಣ್ಣಿನಿಂದ ಮೀನಿಗೆ ವಿಷವಾದ ಅಮೋನಿಯಾ ಬರುತ್ತದೆ. ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿದೆ. ಮೀನು ಬಿಟ್ಟಿದ್ದು ಏಳನೇ ವಾರ. ಕ್ರಿಪ್ಟೊಕೊರೈನ್ ಗಿಡದ ಎಲೆಗಳು ಎರಡನೇ ವಾರದಲ್ಲಿ ಲೋಳೆಯಾಗಿ ಕರಗಿದವು. ಕೀಳಲು ಹೋಗಬೇಡಿ. ಬೇರು ಬದುಕಿರುತ್ತದೆ, ತಿಂಗಳಲ್ಲಿ ಹೊಸ ಎಲೆ ಬರುತ್ತದೆ.

ಇಷ್ಟಾದರೂ ಮೊದಲ ಮಳೆಗಾಲದಲ್ಲಿ ಏನೋ ಸರಿ ಇರಲಿಲ್ಲ. ವ್ಯಾಲಿಸ್ನೇರಿಯಾ ಕರಗುತ್ತಿತ್ತು. ಬಸವನಹುಳುವಿನ ಚಿಪ್ಪು ಬೆಳ್ಳಗಾಗಿ ತೂತು ಬೀಳುತ್ತಿತ್ತು. ಟೆಸ್ಟ್ ಕಿಟ್ ಇದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತು. 1,200 ರೂಪಾಯಿ ಎಂದು ಹಿಂದೇಟು ಹಾಕಿದ್ದು ದೊಡ್ಡ ತಪ್ಪು. ತಂದು ನೋಡಿದರೆ ಕೆಎಚ್ (ನೀರು ಹುಳಿಯಾಗದಂತೆ ತಡೆಯುವ ಕಾರ್ಬೊನೇಟ್ ಅಂಶ) ಒಂದೂ ಇಲ್ಲ. ಪಿಎಚ್ ಜೂನ್‌ನಲ್ಲಿ 6.8 ಇದ್ದದ್ದು ಆಗಸ್ಟ್‌ಗೆ 5.5ರ ಹತ್ತಿರ. ನಮ್ಮ ಬಾವಿ ನೀರು ಮೊದಲೇ ಮೆದು, ಗಡಸು ಇಲ್ಲ, ಮಳೆಗಾಲದಲ್ಲಿ ಅದು ಹೆಚ್ಚು ಕಡಿಮೆ ಮಳೆ ನೀರೇ. ಅಷ್ಟು ಹುಳಿಯಾದರೆ ಫಿಲ್ಟರಿನ ಬ್ಯಾಕ್ಟೀರಿಯಾವೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹುಳಿ ಇಳಿಸಲು, ತೋಟಕ್ಕೆ ತಂದ ಡೋಲೋಮೈಟ್ ಪುಡಿ ಒಂದು ಚಮಚ ಹಾಕಿ ನೋಡಿದೆ. ನಾಲ್ಕು ದಿನ ಟ್ಯಾಂಕ್ ಹಾಲಿನ ಹಾಗೆ ಇತ್ತು. ಮೊಟ್ಟೆ ಚಿಪ್ಪು ಹಾಕಿದೆ, ತುಂಬಾ ನಿಧಾನ, ಮೇಲೆ ನೊರೆ. ಕೊನೆಗೆ ಕೈ ಹಿಡಿದದ್ದು ಕೋಳಿ ಆಹಾರದ ಅಂಗಡಿಯ ಶೆಲ್ ಗ್ರಿಟ್. ಕೋಳಿಗೆ ಹಾಕುವ ಕಪ್ಪೆಚಿಪ್ಪಿನ ಚೂರು. ಒಂದು ಕೆಜಿಗೆ ಇಪ್ಪತ್ತೋ ಮೂವತ್ತೋ ಕೊಟ್ಟ ನೆನಪು. ಚೆನ್ನಾಗಿ ತೊಳೆದು, ಎರಡು ಹಿಡಿಯಷ್ಟನ್ನು ಪರದೆ ಬಟ್ಟೆಯಲ್ಲಿ ಗಂಟು ಕಟ್ಟಿ ಸ್ಪಾಂಜ್ ಫಿಲ್ಟರಿನ ಗುಳ್ಳೆ ಏಳುವ ಕಡೆ ತೂಗು ಹಾಕಿದೆ. ನೀರು ಹುಳಿಯಾದಷ್ಟೂ ಅದು ಕರಗುತ್ತದೆ, ಸರಿಯಾದರೆ ಸುಮ್ನೆ ಇರುತ್ತದೆ. ಒಂದು ತಿಂಗಳಲ್ಲಿ ಕೆಎಚ್ 3ಕ್ಕೆ ಬಂತು, ಪಿಎಚ್ 7ರ ಆಸುಪಾಸು ನಿಂತಿತು. ವ್ಯಾಲಿಸ್ನೇರಿಯಾ ಈಗ ಕತ್ತರಿಸಿ ಸಾಕಾಗಿದೆ. ಬೆಂಗಳೂರಿನ ಬೋರ್‌ವೆಲ್ ನೀರಿನವರು ಇದನ್ನು ಮಾಡಬೇಡಿ, ಅಲ್ಲಿ ಗಡಸು ಮೊದಲೇ ಜಾಸ್ತಿ.

ಮೀನು ಆರಿಸಿದ್ದರಲ್ಲಿ ವೈಟ್ ಕ್ಲೌಡ್ ಬಗ್ಗೆ ಹೇಳಲೇಬೇಕು. ಅದು ಚೀನಾದ ಗುವಾಂಗ್‌ಝೌ ಹತ್ತಿರದ ಬೆಟ್ಟದ ತೊರೆಯ ಮೀನು, ಬೆಟ್ಟದ ಹೆಸರೇ ಬಿಳಿ ಮೋಡ. ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಮೈಸೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ಥರ್ಮೊಕೋಲ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೆ ಹಾಕಿಸಿ ತರಿಸಿದೆ. ಹತ್ತು ತಂದೆ, ಒಂಬತ್ತು ಉಳಿದವು, ಈಗ ಹದಿನಾಲ್ಕು. ಮರಿ ಉಳಿಸಿಕೊಳ್ಳಲು ನಾನು ಮಾಡುವ ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ನಮ್ಮ ಘಟ್ಟದ ಹೊಳೆಯ ಮೀನು ಮಿಸ್ ಕೇರಳ ಯಾಕೆ ಹಾಕಿಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. ಅದು ನಾಲ್ಕೈದು ಇಂಚು ಬೆಳೆಯುವ, ಗುಂಪಾಗಿ ಓಡುವ ಮೀನು. ಮೂರಡಿಯಲ್ಲಿ ಅದನ್ನು ಕೂಡಿಹಾಕುವುದು ಸರಿಯಲ್ಲ. ಹೊಳೆಯಿಂದ ಹಿಡಿದು ಹಿಡಿದೇ ಅದರ ಸಂಖ್ಯೆ ಇಳಿದಿದೆ. ಹಾಗೆಯೇ ನಮ್ಮ ಟ್ಯಾಂಕಿನ ಮೀನನ್ನೂ ಕತ್ತರಿಸಿದ ಗಿಡವನ್ನೂ ತೋಡಿಗೆ ಎಸೆಯಬಾರದು. ನಾನು ಗಿಡದ ಕಸವನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ.

ನಡುವೆ ಮಾಡಿದ ಕೆಲವು ಪ್ರಯೋಗಗಳಿವೆ. ಕಿತ್ತು ಹಾಕಿದ ಹಳೆ ರೊಬಸ್ಟಾ ಬುಡವನ್ನು ಟ್ಯಾಂಕಿನ ಮರದ ತುಂಡಾಗಿ ಬಳಸಿದೆ. ಮೊದಲನೆಯದು ಹಸಿ ಇತ್ತು, ಬಿಳಿ ಲೋಳೆ ಬಂದು ತೇಲಿತು. ಎರಡನೆಯದರ ತೊಗಟೆ ಕೆತ್ತಿ, ಒಂದು ಬೇಸಿಗೆ ಒಣಗಿಸಿ, ಹತ್ತು ತಿಂಗಳು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟೆ. ಈಗ ಅದರ ಮೇಲೆ ಜಾವಾ ಫರ್ನ್ ಕುಳಿತಿದೆ. ಬಂದವರು ಮೊದಲು ನೋಡುವುದು ಅದನ್ನೇ. ಅಂಗಡಿಯಲ್ಲಿ ಅಂಥ ತುಂಡಿಗೆ ಎರಡು ಸಾವಿರ ಕೇಳುತ್ತಾರೆ.

ಗದ್ದೆ ಕಾಲುವೆಯಿಂದ ರೊಟಾಲಾ ತಂದಾಗ ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿಹುಳುವೊಂದು ಬಂದಿತ್ತು. ಅದು ನೀರಿನಲ್ಲೇ ಬೆಳೆಯುವ ಬೇಟೆಗಾರ. ಡೇನಿಯೊ ಒಂದು, ವೈಟ್ ಕ್ಲೌಡ್ ಮರಿ ಎಷ್ಟೋ ತಿಂದು ಹಾಕಿತು. ಸಿಕ್ಕಿದ್ದು ಮೂರು ವಾರದ ಮೇಲೆ, ಅದೂ ರಾತ್ರಿ ಟಾರ್ಚ್ ಹಾಕಿದಾಗ. ಈಗ ಹೊರಗಿನಿಂದ ಬಂದ ಗಿಡ ಎರಡು ಮೂರು ಗಂಟೆ ಪಟಿಕದ ನೀರಿನಲ್ಲಿ, ಆಮೇಲೆ ಹದಿನೈದು ದಿನ ಬೇರೆ ಬಕೆಟ್ಟಿನಲ್ಲಿ.

ಗೊಬ್ಬರದ ವಿಷಯ. ಎಲೆಗೆ ಹೊಡೆಯುವ 19:19:19 ಒಂದು ಚಿಟಿಕೆ ಹಾಕಿದ್ದೆ. ಮೂರನೇ ದಿನಕ್ಕೆ ನೀರು ಪಚ್ಚೆ ಹಸಿರು, ತಿಳಿಯಾಗಲು ಒಂದು ತಿಂಗಳು. ಅದರಲ್ಲಿ ಯೂರಿಯಾ, ಅಮೋನಿಯಾ ಇರುತ್ತದೆ. ಆದರೆ ಪೊಟ್ಯಾಷ್ ಗೊಬ್ಬರವಾದ 0:0:50 ಒಳ್ಳೆಯದು. ಹೈಗ್ರೊಫಿಲಾದ ಹಳೆ ಎಲೆಯಲ್ಲಿ ಸಣ್ಣ ತೂತು ಬಿದ್ದರೆ ಪೊಟ್ಯಾಷ್ ಕಡಿಮೆ ಎಂದರ್ಥ. ವಾರಕ್ಕೊಮ್ಮೆ ಚಿಟಿಕೆ ಹಾಕಿದರೆ ಸಾಕು, ತೋಟದವರಿಗೆ ಅದು ಪುಕ್ಕಟೆಯೇ.

ಈಗ ನೋಡಿಕೊಳ್ಳುವುದು ಸುಲಭ. ಲೈಟ್ ದಿನಕ್ಕೆ ಏಳು ಗಂಟೆ, ಬೆಳಿಗ್ಗೆ ಮೂರು, ಸಂಜೆ ನಾಲ್ಕು. ಎಂಟೂವರೆಗೆ ಏರಿಸಿದಾಗಲೆಲ್ಲ ಗಾಜಿಗೆ ಪಾಚಿ ಬಂದಿದೆ. ಹದಿನೈದು ದಿನಕ್ಕೆ ಎರಡು ಬಕೆಟ್ ನೀರು ಬದಲು. ಬೋರ್ಡೋ ಹೊಡೆಯುವ ವಾರದಲ್ಲಿ ನೀರು ಬದಲಿಸುವುದಿಲ್ಲ. ಕೈ ಎರಡು ಸಲ ಸೋಪು ಹಾಕಿ ತೊಳೆಯದೆ ಟ್ಯಾಂಕ್ ಮುಟ್ಟುವುದೂ ಇಲ್ಲ. ಕರೆಂಟ್ ಹೋದರೆ ಮೀನಿಗೆ ಆಹಾರ ಬಂದ್. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ, ಚೊಂಬಿನಲ್ಲಿ ನೀರು ಎತ್ತಿ ಮೇಲಿನಿಂದ ಹೊಯ್ಯುತ್ತೇನೆ, ಇಪ್ಪತ್ತು ಸಲ. ಗಿಡಗಳೂ ಕತ್ತಲಲ್ಲಿ ಆಮ್ಲಜನಕ ಎಳೆಯುತ್ತವೆ, ಅದಕ್ಕೇ ರಾತ್ರಿಯದ್ದು ತಪ್ಪಿಸುವುದಿಲ್ಲ. ತಣ್ಣನೆ ನೀರಿನಲ್ಲಿ ಆಮ್ಲಜನಕ ಜಾಸ್ತಿ ನಿಲ್ಲುತ್ತದೆ, ಚಳಿಯಲ್ಲಿ ಮೀನಿಗೆ ಬೇಕಾಗುವುದೂ ಕಡಿಮೆ. ನಾಲ್ಕು ದಿನ ದಾಟಿದ್ದು ಹೀಗೆ.

ಬಾವ ಹುತ್ತರಿ ಹಬ್ಬಕ್ಕೆ ಬರುತ್ತೇನೆ ಎಂದಿದ್ದಾರೆ. ಎರಡು ಚೀಲ ಗದ್ದೆ ಮಣ್ಣು ಬೇಕಂತೆ. ಈಗಲೇ ಅಗೆದು ಶೆಡ್ಡಿನಲ್ಲಿ ಇಟ್ಟಿದ್ದೇನೆ. ಮಾರ್ಚ್‌ನಲ್ಲಿ ಅವರೇ ಒಣಗಿಸಿಕೊಳ್ಳಲಿ, ಮೈಸೂರಿನ ಬಿಸಿಲಿಗೆ ಮೂರು ವಾರ ಬೇಕಾಗಲಿಕ್ಕಿಲ್ಲ.